ಗುರುಶಾಂತ ತವರಿಗೆ ಹೊರಟ ಪ್ರಸಂಗ

ಆಳಂದದ ಬಸ್‌ಸ್ಟ್ಯಾಂಡ್ ರಸ್ತೆಯಲ್ಲಿ ಬೀಜ, ಗೊಬ್ಬರ, ಕೀಟನಾಶಕದ ಅಂಗಡಿ ಇಟ್ಟುಕೊಂಡಿದ್ದ ಗುರುಶಾಂತನಿಗೆ, ತಾನು ನೋಡಲು ಥೇಟ್ ಸಿನಿಮಾ ನಟನ ಹಾಗೆ ಇದ್ದೇನೆ ಎಂಬ ಅನುಮಾನ ಬಹಳ ವರ್ಷಗಳಿಂದ ಇತ್ತು. ಈ ಅನುಮಾನ ಬೇರೆ ಯಾರಿಗೂ ಬಂದಿರಲಿಲ್ಲ. ಅಂಗಡಿಗೆ ಬರುವ ರೈತರು ತೊಗರಿಯ ಹುಳವನ್ನು ಕಾಗದದಲ್ಲಿ ಸುತ್ತಿಕೊಂಡು ಬಂದು, "ಇದಕ್ಕೇನು ಹೊಡೀಬೇಕ್ರಿ ಅಣ್ಣಾರ?" ಎಂದು ಕೇಳುತ್ತಿದ್ದರೇ ಹೊರತು ಅಣ್ಣಾವರ ಮೂಗಿನ ಅಂದವನ್ನು ಗಮನಿಸುತ್ತಿರಲಿಲ್ಲ. ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಹೆಂಡತಿ ಭಾಗ್ಯಜ್ಯೋತಿಯ ಮುಂದೆ ಮದುವೆಯಾದ ಹೊಸದರಲ್ಲಿ ಒಮ್ಮೆ ಈ ಮಾತೆತ್ತಿದ್ದ. ಆಕೆ ಅವನನ್ನು ಎಡಗಡೆಯಿಂದ ನೋಡಿದಳು, ಬಲಗಡೆಯಿಂದ ನೋಡಿದಳು, ಆಮೇಲೆ "ಯಾವ ನಟ?" ಎಂದು ಕೇಳಿದಳು. ಅಂದಿನಿಂದ ಆ ವಿಷಯ ಮನೆಯಲ್ಲಿ ಚರ್ಚೆಗೆ ಬರಲಿಲ್ಲ.

ಹೀಗಿರುವಾಗ ಎದುರುಮನೆಯ ಪ್ರಾಚಿ ಒಂದು ಮುಂಜಾನೆ ಅಂಗಡಿಯ ಕಟ್ಟೆ ಹತ್ತಿದಳು. ಪುಣೆಯಲ್ಲಿ ಸಿನಿಮಾ ಮಾಡುವುದನ್ನು ಕಲಿಯುತ್ತಿದ್ದ ಹುಡುಗಿ, ರಜೆಗೆಂದು ಊರಿಗೆ ಬಂದಿದ್ದಳು.

"ಕಾಕಾ, ನಾನೊಂದು ಸಣ್ಣ ಕಾಮಿಡಿ ಪಿಕ್ಚರ್ ತೆಗಿಯಾಕತ್ತೇನಿ. ನೀವು ಗೌಡ್ರ ಪಾರ್ಟು ಮಾಡ್ತೀರೇನ್ರಿ?"

ಗುರುಶಾಂತನ ಕೈಯಲ್ಲಿದ್ದ ಔಷಧಿ ಡಬ್ಬಿ ಅಲ್ಲಿಯೇ ನಿಂತಿತು. "ಗೌಡ್ರ ಪಾರ್ಟೇನವಾ?"

"ಹೌದ್ರಿ. ಮೇನ್ ಪಾರ್ಟು ಅದೇ. ಪಿಕ್ಚರ್ ಹೆಸರೇ 'ಗೌಡ ನೀರಿಗೆ ಹೋದ' ಅಂತ. ಕಥಿ ಏನಂದ್ರ…"

"ಕಥಿ ಬಿಡವಾ," ಎಂದ ಗುರುಶಾಂತ ಘನವಾಗಿ. "ಕಥಿ ಡೈರೆಕ್ಟರ್ ನೋಡ್ಕೋಬೇಕು. ನಟ ಆದಾಂವ ತನ್ನ ಪಾರ್ಟು ನೋಡ್ಕೋಬೇಕು."

ಅನಾಹುತದ ಬೀಜ ಬಿದ್ದದ್ದು ಇಲ್ಲಿ. ಬೀಜದ ವ್ಯಾಪಾರಿಗೆ ಅದು ಗೊತ್ತಾಗಬೇಕಿತ್ತು, ಗೊತ್ತಾಗಲಿಲ್ಲ.

ಮಧ್ಯಾಹ್ನದೊಳಗೆ ಖಾದರಸಾಬರ ಚಹಾದಂಗಡಿಯಲ್ಲಿ ಸುದ್ದಿ ಪ್ರಕಟವಾಯಿತು. ಪಕ್ಕದ ಹಾರ್ಡ್‌ವೇರ್ ಅಂಗಡಿಯ ದಿಲೀಪ ಯಾವ ವಿಷಯವನ್ನೂ ಬುಡದವರೆಗೆ ಅಗೆದು ನೋಡುವವನು.

"ಅಲ್ಲೋ ಗುರು, ಗೌಡ ಆದಾಂವ ತಾನೇ ನೀರಿಗೆ ಯಾಕ ಹೋಗ್ತಾನ?"

ಇದನ್ನು ಗುರುಶಾಂತ ಯೋಚಿಸಿರಲಿಲ್ಲ. ಆದರೆ ಉತ್ತರ ಬಾಯಿಗೆ ತಾನೇ ಬಂತು. "ಕುದರಿಗೆ ನೀರು ಕುಡಿಸಾಕ."

"ಕುದರಿ ಅದ ಏನು?"

"ಗೌಡ ಅಂದ ಮ್ಯಾಲ ಕುದರಿ ಇಲ್ದ ಹ್ಯಾಂಗ?"

ಸಂಜೆಯ ಹೊತ್ತಿಗೆ ಕುದುರೆಗೆ ಬಣ್ಣ ಬಂದಿತ್ತು, ಬಾವಿಯ ಹತ್ತಿರ ಒಂದು ಬಡಿದಾಟವೂ ಸೇರಿಕೊಂಡಿತ್ತು. ಮಟಕಿ ಎಂಬ ಹಳ್ಳಿಯಲ್ಲಿದ್ದ ತಾಯಿ ಗಂಗಾಬಾಯಿಗೆ ಫೋನು ಹೋಯಿತು. ಜೇವರ್ಗಿ ಕಡೆಯ ಅಂದೋಲಾದಲ್ಲಿದ್ದ ಕಾಕಾ ಹಣಮಂತರಾಯರಿಗೂ ಹೋಯಿತು. ಭಾಗ್ಯಜ್ಯೋತಿ ಮಾತ್ರ ಉತ್ತರಪತ್ರಿಕೆಗಳಿಂದ ತಲೆಯೆತ್ತದೆ, "ಡೈಲಾಗ್ ಭಾಳ ಇರಬ್ಯಾಡ ಅನ್ರಿ. ನಿಮಗ ಬಜಾರದಿಂದ ಏನು ತರ್ಬೇಕು ಅನ್ನೋದೇ ನೆನಪಿರಲ್ಲ," ಎಂದಳು.

ಮರುದಿನ ಗುರುಶಾಂತ ಮೀಸೆಗೆ ಕಪ್ಪು ಹಚ್ಚಿ, ಗಂಜಿ ಹಾಕಿದ ಧೋತರ ಉಟ್ಟು, ಕಿರ್ ಕಿರ್ ಎನ್ನುವ ಕೊಲ್ಹಾಪುರಿ ಚಪ್ಪಲಿ ಮೆಟ್ಟಿ ಪ್ರಾಚಿಯ ಮನೆಗೆ ಕಥೆ ಕೇಳಲು ಹೋದ. ಪ್ರಾಚಿ ಓದುತ್ತ ಹೋದಳು.

ಆ ಪಿಕ್ಚರಿನ ಊರಲ್ಲಿ ಎಲ್ಲವೂ ಉಲ್ಟಾ. ಹೆಂಗಸರು ಕಟ್ಟೆಯ ಮೇಲೆ ಕಾಲು ಮೇಲೆ ಕಾಲು ಹಾಕಿಕೊಂಡು ಕೂತು ಎಲೆ ಅಡಿಕೆ ಜಗಿಯುತ್ತ ನ್ಯಾಯ ಹೇಳುತ್ತಾರೆ. ಗಂಡಸರು ತಲೆಯ ಮೇಲಿನ ಟವೆಲ್ಲನ್ನು ಮುಖ ಕಾಣದಷ್ಟು ಮುಂದೆ ಎಳೆದುಕೊಂಡು ಗೋಡೆಯ ಬದಿಗೆ ನಡೆಯುತ್ತಾರೆ. ಹರೆಯದ ಹುಡುಗನೊಬ್ಬ ಒಂಟಿಯಾಗಿ ಪೇಟೆಗೆ ಹೋದರೆ ಪಾನ್ ಅಂಗಡಿಯ ಮುಂದೆ ನಿಂತ ಹುಡುಗಿಯರು ಸೀಟಿ ಹೊಡೆಯುತ್ತಾರೆ. ಊರಿನ ಅಧಿಕಾರ ಗೌಡ್ತಿಯದು. ಗೌಡ ಎಂದರೆ ಆಕೆಯ ಗಂಡ, ಅಷ್ಟೇ. ಎಲ್ಲರಿಗಿಂತ ಮೊದಲು ಏಳುತ್ತಾನೆ, ಕೊಡ ಹೊತ್ತು ನೀರಿಗೆ ಹೋಗುತ್ತಾನೆ, ರೊಟ್ಟಿ ಬಡಿಯುತ್ತಾನೆ.

"ಆಮ್ಯಾಲ ಪಲ್ಯಕ್ಕ ಉಪ್ಪು ಕಮ್ಮಿ ಆಗ್ಯಾದ ಅಂತ ಗೌಡ್ತಿ ತಾಟು ಎತ್ತಿ ಗ್ವಾಡಿಗಿ ಒಗೀತಾಳ. ನೀವು ಮೂಲ್ಯಾಗ ಕುಂತು ಅಳ್ತೀರಿ ಕಾಕಾ."

"ಅಳೋದಾ?" ಗುರುಶಾಂತ ಮೀಸೆ ಮುಟ್ಟಿ ನೋಡಿಕೊಂಡ. "ಇದನ್ನ ಇಟ್ಕೊಂಡು?"

"ಅದು ಇದ್ರೇನೇ ನಗು ಬರೋದು. ನೋಡ್ರಿ ಕಾಕಾ, ಎಲ್ಲಾ ದೇಶದಾಗೂ ಇಂಥಾ ಪಿಕ್ಚರ್ ಮಾಡ್ತಾರ. ಹೆಣ್ಮಗಳಿಗೆ ಒಂದು ಮಾತು ಅಂದ್ರ ಯಾರೂ ತಿರುಗಿ ನೋಡಲ್ಲ. ಅದೇ ಮಾತು ಗಂಡಸಿಗೆ ಅನ್ರಿ, ಮಂದಿ ಹೊಟ್ಟಿ ಹಿಡ್ಕೊಂಡು ನಗ್ತಾರ. ನಕ್ಕ ಮ್ಯಾಲ ಜರಾ ವಿಚಾರ ಮಾಡ್ತಾರ."

ಅಲ್ಲಿಯೇ ಎದ್ದು ಬರಬಹುದಿತ್ತು. ಆದರೆ ಇಡೀ ಬಸ್‌ಸ್ಟ್ಯಾಂಡ್ ರಸ್ತೆಗೆ ಕುದುರೆಯ ವಿಷಯ ಹೇಳಿಯಾಗಿತ್ತು. ಪಾರ್ಟು ಬಿಟ್ಟರೆ "ಕುದರಿ ಎಲ್ಲಿ ಹೋಯ್ತೋ?" ಎಂದು ದಿಲೀಪ ಸಾಯುವ ತನಕ ಕೇಳುತ್ತಾನೆ. ಗುರುಶಾಂತ ಒಂದು ಕರಾರು ಹಾಕಿದ: ಪಿಕ್ಚರ್ ಮುಗಿಯುವ ತನಕ ಕಥೆ ಯಾರಿಗೂ, ಮುಖ್ಯವಾಗಿ ಭಾಗ್ಯಜ್ಯೋತಿಗೆ, ಗೊತ್ತಾಗಬಾರದು. ಪ್ರಾಚಿಯೂ ಒಂದು ಕರಾರು ಹಾಕಿದಳು: ರೊಟ್ಟಿಯನ್ನು ಖರೆಖರೆ ಬಡಿಯಬೇಕು, ಕ್ಯಾಮೆರಾ ಕೈಯನ್ನೇ ಹತ್ತಿರದಿಂದ ನೋಡುತ್ತದೆ.

ಹುಟ್ಟಿದಾಗಿನಿಂದ ಜೋಳದ ರೊಟ್ಟಿ ತಿಂದು ಬೆಳೆದ ಗುರುಶಾಂತ ಅದು ಹೇಗೆ ಆಗುತ್ತದೆ ಎಂದು ಒಮ್ಮೆಯೂ ನೋಡಿರಲಿಲ್ಲ. ದುಂಡಗೆ ತಾಟಿಗೆ ಬಂದು ಬೀಳುವುದೇ ಅದರ ಸ್ವಭಾವ ಎಂದುಕೊಂಡಿದ್ದ. ಆದ್ದರಿಂದ ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅಂಗಡಿಯ ಹಿಂದಿನ ಗೋದಾಮಿನ ಶಟರನ್ನು ಮುಕ್ಕಾಲು ಇಳಿಸಿ, ಗೊಬ್ಬರದ ಚೀಲಗಳ ನಡುವೆ ಹಿಟ್ಟು ನಾದುವ ಪರಾತ ಇಟ್ಟುಕೊಂಡು ಅಭ್ಯಾಸ ಶುರುಮಾಡಿದ. ಹಿಟ್ಟು ಬೆರಳಿಗೆ ಅಂಟಿತು, ಮೀಸೆಗೆ ಅಂಟಿತು. ಕಷ್ಟಪಟ್ಟು ಬಡಿದ ರೊಟ್ಟಿ ಎತ್ತಿದ ಕೂಡಲೆ ನಡುವೆ ಹರಿಯಿತು. ಕಣ್ಣಲ್ಲಿ ನಿಜವಾದ ನೀರೇ ಬಂತು. ನೀರು ಹೇಗೂ ಬಂದಿದೆಯಲ್ಲ ಎಂದು ಅವನು ಟವೆಲ್ಲು ಮುಂದೆ ಎಳೆದುಕೊಂಡು ಸಂಭಾಷಣೆಯನ್ನೂ ಹೇಳಿ ನೋಡಿದ.

"ಬ್ಯಾಡ್ರಿ ಗೌಡ್ತಿ, ಬ್ಯಾಡ್ರಿ! ನಾಳಿಂದ ಉಪ್ಪು ಬರೋಬರಿ ಹಾಕ್ತೇನಿ! ಮಂದಿ ಮುಂದ ಮಾತ್ರ ಹೊಡಿಬ್ಯಾಡ್ರಿ, ನಿಮ್ಮ ಕಾಲಿಗಿ ಬೀಳ್ತೇನಿ!"

ಶಟರಿನ ಕೆಳಗೆ ದಿಲೀಪನ ಮುಖ ಇತ್ತು. ಹರಟೆ ಹೊಡೆಯಲು ಬಂದವನು ಬಗ್ಗಿ ನೋಡಿದ್ದ. ಭಾಗ್ಯಜ್ಯೋತಿ ಅಫಜಲಪುರ ತಾಲ್ಲೂಕಿನ ಗೊಬ್ಬೂರದ ಗೌಡರ ಮಗಳು ಎಂಬುದು ಇಡೀ ಪೇಟೆಗೆ ಗೊತ್ತಿತ್ತು. ಗೌಡ್ತಿ ಎಂದರೆ ಯಾರು ಎಂದು ದಿಲೀಪ ಯಾರನ್ನೂ ಕೇಳಬೇಕಾಗಿರಲಿಲ್ಲ. ಅವನು ತುದಿಗಾಲಲ್ಲಿ ಹಿಂದೆ ಸರಿದ. ಸಪ್ಪಳ ಕೇಳಿ ಗಡಬಡಿಸಿ ಹೊರಗೆ ಬರಲು ಹೋದ ಗುರುಶಾಂತನ ಹಣೆಗೆ ಶಟರಿನ ಅಂಚು ಬಡಿಯಿತು.

ಮರುದಿನ ಹಣೆಯ ಮೇಲೆ ಲಿಂಬೆಹಣ್ಣಿನ ಗಾತ್ರದ ಬಾವು.

"ಏನಾಯ್ತೋ ಗುರು?" ದಿಲೀಪನ ಧ್ವನಿಯಲ್ಲಿ ಎಂದೂ ಇಲ್ಲದ ಮೃದುತ್ವ.

"ಏನಿಲ್ಲ. ಶಟರ್ ಬಡೀತು."

"ಬಡೀತದ, ಬಡೀತದ," ದಿಲೀಪ ಬೇರೆ ಕಡೆ ನೋಡುತ್ತ ಹೇಳಿದ. "ಪಾಪ, ಶಟರ್‌ದಾದ್ರೂ ಏನು ತಪ್ಪದ."

ಆ ದಿನದಿಂದ ಪೇಟೆ ಗುರುಶಾಂತನನ್ನು ನೋಡುವ ರೀತಿಯೇ ಬದಲಾಯಿತು. ಖಾದರಸಾಬರು ಕೇಳದೆಯೇ ಕೆನೆ ಹಾಕಿದ ಚಹಾ ಕಳಿಸಿದರು. ದಾರಿಯಲ್ಲಿ ಹೋಗುವವರು ನಿಂತು ಅವನ ಮುಖವನ್ನು ದೀರ್ಘವಾಗಿ ನೋಡಿದರು. ಕಲಾವಿದನಿಗೆ ಸಲ್ಲಬೇಕಾದ ಗೌರವ ಕಡೆಗೂ ಸಲ್ಲುತ್ತಿದೆ ಎಂದುಕೊಂಡ ಗುರುಶಾಂತ ಚೆನ್ನಾಗಿ ಕಾಣುವ ಎಡಗೆನ್ನೆಯನ್ನು ರಸ್ತೆಯ ಕಡೆ ತಿರುಗಿಸಿ ಕೂತ. ಹಳೆಯ ಗಿರಾಕಿಯೊಬ್ಬ ಅವನ ಕೈ ಹಿಡಿದುಕೊಂಡ.

"ಧೈರ್ಯ ಇರ್ಲಿ ಅಣ್ಣಾರ. ಭಾಳ ತ್ರಾಸ ಆಗ್ತಿರಬೇಕು."

"ಏ, ಅಂಥಾದ್ದೇನಿಲ್ರಿ," ಗುರುಶಾಂತ ವಿನಯದಿಂದ ನಕ್ಕ. "ಮೊದಮೊದಲ ಜರಾ ನಾಚಿಕಿ ಆಗ್ತದ. ಆಮ್ಯಾಲ ರೂಢಿ ಆಗ್ತದ. ನಿಮ್ಮಂಥವರು ನೋಡಿ ಆನಂದ ಪಟ್ರ ನನಗ ಅಷ್ಟೇ ಸಾಕು."

ಆ ಮನುಷ್ಯ ಬೀಜ ತೆಗೆದುಕೊಳ್ಳುವುದನ್ನು ಮರೆತು ಹೊರಟುಹೋದ. ರೂಢಿಯಾಗಿದೆಯಂತೆ ಎಂಬ ಮಾತು ಚಹಾದಂಗಡಿಯವರೆಗೆ ಹೋಗಿ, ಅಲ್ಲಿಂದ ಹೊರಟ ಎಲ್ಲ ಬಸ್ಸುಗಳನ್ನೂ ಹತ್ತಿತು.

ನಿಜ ತಿಳಿಸಿದವಳು ಪ್ಯಾರಿಬಿ. ಅದೇ ಓಣಿಯಲ್ಲಿ ಬಟ್ಟೆ ಹೊಲಿಯುವ ಹೆಂಗಸು. ಆಕೆಯ ಗಂಡ ಸೋಲಾಪುರಕ್ಕೆ ಹೋದವನು ತಿರುಗಿ ಬಂದಿರಲಿಲ್ಲ. ಅವನು ಇದ್ದಷ್ಟು ವರ್ಷ ಆ ಮನೆಯಿಂದ ಏನೇನು ಸದ್ದು ಬರುತ್ತಿತ್ತು ಎಂಬುದು ಓಣಿಗೆಲ್ಲ ಗೊತ್ತಿತ್ತು, ಓಣಿ ಕಿಟಕಿ ಹಾಕಿಕೊಳ್ಳುತ್ತಿತ್ತು. ಅಂಗಡಿಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಪ್ಯಾರಿಬಿ ಬಂದು ಬೀಜದ ಚೀಲದ ಮೇಲೆ ಕೂತಳು.

"ಗುರುಭಾಯಿ, ತಪ್ಪು ತಿಳಿಬ್ಯಾಡ. ಹಣಿಗೇನಾಗ್ಯಾದ?"

"ಶಟರ್ ಬಡೀತು ಅಕ್ಕಾ."

"ಹ್ಞೂ. ನನಗ ಬಾಗಿಲಾ ಬಡೀತಿತ್ತು. ಒಮ್ಮೊಮ್ಮೆ ಕೊಡ ತಾಗ್ತಿತ್ತು." ಆಕೆ ಮೆಲ್ಲಗೆ ಹೇಳಿದಳು. "ಭಾಳ ವರ್ಷ ಹಂಗೇ ಅಂದೆ. ನೀ ಹಂಗ ಮಾಡಬ್ಯಾಡ. ಯಾರಿಗಾದ್ರೂ ಹೇಳು. ಟೀಚರ್ ಬಾಯಿ ಹಂಗ ಕಾಣಂಗಿಲ್ಲ ಖರೆ. ನಮ್ಮಾಂವನೂ ಮಂದಿಗಿ ಹಂಗ ಕಾಣ್ತಿದ್ದಿಲ್ಲ."

ಗುರುಶಾಂತನ ಬಾಯಿ ತೆರೆಯಿತು. "ಅಕ್ಕಾ! ಖರೇನೇ ಶಟರ್!"

"ನಂದೂ ಖರೇನೇ ಬಾಗಿಲಾ ಇತ್ತು ಭಾಯಿ," ಎಂದು ಪ್ಯಾರಿಬಿ ಒಂದು ಮುಲಾಮಿನ ಡಬ್ಬಿ ಗಲ್ಲಾಪೆಟ್ಟಿಗೆಯ ಮೇಲಿಟ್ಟು ಎದ್ದುಹೋದಳು.

ತನ್ನ ಹೆಂಡತಿ ತನ್ನನ್ನು ಹೊಡೆಯುತ್ತಾಳೆಂದು ಊರು ನಂಬಿದೆ! ಈ ಕ್ಷಣದಲ್ಲಿ ಗುರುಶಾಂತನಿಗೆ ಮೊದಲು ನೆನಪಾದದ್ದು ಹೆಂಡತಿಯ ಮಾನವಲ್ಲ, ತನ್ನ ಕುದುರೆಯ ಮಾನ ಎಂದು ಹೇಳಲು ನಮಗೂ ಸಂಕೋಚವಾಗುತ್ತದೆ. ಸುಳ್ಳೆಂದು ಹೇಳಬೇಕಾದರೆ ಟವೆಲ್ಲು, ಪರಾತ, ಅಳು ಎಲ್ಲವನ್ನೂ ಹೇಳಬೇಕು. ಹೇಳದಿದ್ದರೆ ಭಾಗ್ಯಜ್ಯೋತಿಯ ಹೆಸರು ಕೆಡುತ್ತದೆ. ದೃಢಮನಸ್ಸಿನ ಗಂಡಸಿನ ಹಾಗೆ ಅವನು, ಈ ವಿಷಯವನ್ನು ಮುಂದಿನ ವಾರ ನಿರ್ಧರಿಸುವುದೆಂದು ನಿರ್ಧರಿಸಿದ.

ಸುದ್ದಿಗೆ ಅಷ್ಟು ತಾಳ್ಮೆ ಇರಲಿಲ್ಲ. ಭಾಗ್ಯಜ್ಯೋತಿಯ ಶಾಲೆಯ ಮುಖ್ಯೋಪಾಧ್ಯಾಯರು ನಿವೃತ್ತರಾಗಿದ್ದರು, ಚಾರ್ಜು ಆಕೆಗೇ ಎಂದು ಮಾತಾಗಿತ್ತು. ಶನಿವಾರ ಮೇಲಿನ ಅಧಿಕಾರಿಯೊಬ್ಬರು ಫೋನು ಮಾಡಿದರು.

"ಟೀಚರ್, ನೀವು ಕೈ ಎತ್ತತೀರಂತ ಕೇಳ್ದೆ. ಖರೇ ಏನ್ರಿ?"

ಭಾಗ್ಯಜ್ಯೋತಿ ಮಕ್ಕಳ ವಿಷಯವೆಂದುಕೊಂಡಳು. "ಮೊದಲ ಎತ್ತತಿದ್ದೆ ಸರ್, ಸುಳ್ಳ್ಯಾಕ ಹೇಳ್ಲಿ. ಈಗ ಬಿಟ್ಟೇನಿ. ಭಾಳ ಆದ್ರ ಮೂಲ್ಯಾಗ ನಿಂದ್ರಸ್ತೇನಿ, ಇಲ್ಲಂದ್ರ ಜರಾ ಕಿವಿ ಹಿಂಡ್ತೇನಿ."

"ಒಪ್ಪಿಕೊಂಡ್ರಲ್ಲ, ಅಷ್ಟು ಸಾಕು," ಎಂದು ಅಧಿಕಾರಿ ನಡುಗುವ ದನಿಯಲ್ಲಿ ಹೇಳಿದರು. "ಚಾರ್ಜಿಂದು ಬ್ಯಾರೆ ವಿಚಾರ ಮಾಡ್ಬೇಕಾಗ್ತದ." ಗಂಡಸು ಮುಖ್ಯೋಪಾಧ್ಯಾಯರಾಗುವಾಗ ಮನೆಯಲ್ಲಿ ಅವರ ಕೈ ಎಲ್ಲಿರುತ್ತದೆ ಎಂದು ಆ ಸಾಹೇಬರು ಯಾರನ್ನಾದರೂ ಕೇಳಿದ್ದರೋ ಇಲ್ಲವೋ, ನಮಗೆ ಮಾಹಿತಿ ಇಲ್ಲ.

ಭಾನುವಾರ ಮುಂಜಾನೆ ಮನೆಯ ಮುಂದೆ ಒಂದು ಬಾಡಿಗೆ ಜೀಪು ಬಂದು ನಿಂತಿತು. ಅದರಿಂದ ಗಂಗಾಬಾಯಿ ಅಳುತ್ತ ಇಳಿದಳು. ಹಿಂದೆಯೇ ರುಮಾಲು ಸರಿಪಡಿಸಿಕೊಳ್ಳುತ್ತ ಹಣಮಂತರಾಯರು ಇಳಿದರು. ಮನೆತನದಲ್ಲಿ ಗಂಡ ಹೆಂಡಿರ ತಕರಾರು ಯಾವುದಾದರೂ ಎದ್ದರೆ ನ್ಯಾಯ ಮಾಡುವವರು ಅವರೇ. ದಿಲೀಪ ಫೋನು ಮಾಡಿದ್ದರಿಂದ ಠಾಣೆಯ ಜಮಾದಾರ ಶರಫುದ್ದೀನ ಕೂಡ ಮೋಟಾರ್ ಸೈಕಲ್ ಮೇಲೆ ಬಂದ. ಓಣಿಯ ಜನ ಕಾಂಪೌಂಡಿನ ಗೋಡೆಗೆ ಒರಗಿ ನಿಂತರು.

"ನನ್ನ ಕೂಸಿನ ಹಣಿ ನೋಡ್ರಿ!" ಎಂದು ಗಂಗಾಬಾಯಿ ತಲೆಗೂದಲು ಅರ್ಧ ನೆರೆತ ಕೂಸನ್ನು ತಬ್ಬಿಕೊಂಡಳು. "ನಡಿ ಅಪ್ಪಾ, ಮಟಕಿಗೆ ಬಂದು ನಾಕು ದಿನ ಇರು. ತವರುಮನಿ ಅಂತ ಯಾಕ ಇರ್ತದ? ಅವ್ವ ಸತ್ತಿಲ್ಲ ಇನ್ನಾ!"

ಹಣಮಂತರಾಯರು ಕುರ್ಚಿಯಲ್ಲಿ ಕೂತು ಗಂಟಲು ಸರಿಮಾಡಿಕೊಂಡರು. "ಗಂಗಾಬಾಯಿ, ಜರಾ ತಡಿ. ಮನಿ ಅಂದ ಮ್ಯಾಲ ಒಂದು ಮಾತು ಬರ್ತದ, ಹೋಗ್ತದ. ಗುರು, ನೀ ಏನು ಮಾಡಿದ್ದಿ ಅದನ್ನ ಹೇಳು. ಸುಮ್ಮಸುಮ್ಮನ ಯಾರೂ ಕೈ ಎತ್ತಲ್ಲ. ಹೊಂದ್ಕೊಂಡು ಹೋಗ್ಬೇಕಪ. ಮನಿ ಇಜ್ಜತ್ ಅಂಬೋದು ನಿನ್ನ ಕೈಯಾಗ ಅದ."

ಈ ಮಾತುಗಳನ್ನು ರಾಯರು ಎಷ್ಟೋ ಮನೆಗಳಲ್ಲಿ ಹೇಳಿದ್ದರು. ಪ್ರತಿ ಸಲವೂ ಮೂಲೆಯಲ್ಲಿ ಅಳುತ್ತ ಕೂತ ಹೆಂಗಸಿಗೆ ಹೇಳಿದ್ದರು. ಈಗ ರೂಢಿಯಿಂದ ಅವು ತಾವೇ ಬಾಯಿಂದ ಇಳಿದವು. ಅವರಿಗೇ ಏನೋ ತಪ್ಪಿದಂತೆನಿಸಿ ರುಮಾಲು ಮುಟ್ಟಿ ನೋಡಿಕೊಂಡರು.

ಗದ್ದಲ ಕೇಳಿ ಭಾಗ್ಯಜ್ಯೋತಿ ಅಡುಗೆಮನೆಯಿಂದ ಹೊರಬಂದಳು. ಚಪಾತಿ ಮಾಡುತ್ತಿದ್ದವಳ ಕೈಯಲ್ಲಿ ಲಟ್ಟಣಿಗೆ ಇತ್ತು. ಶರಫುದ್ದೀನ ಒಂದು ಹೆಜ್ಜೆ ಹಿಂದೆ ಸರಿದ.

"ಅದನ್ನ ಕೆಳಗ ಇಡ್ರಿ ಮೇಡಂ. ಎಲ್ಲಾ ಮಾತಾಡಿ ಬಗಿಹರಸೋಣು."

ವಿಷಯವೇನೆಂದು ಅವಳಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಅವಳು ಕೂಗಲಿಲ್ಲ, ಅಳಲಿಲ್ಲ. ಗಂಡನ ಕಡೆ ತಿರುಗಿ ಮೆಲ್ಲಗೆ, "ನಿನ್ನಿ ಸಾಹೇಬ್ರು ಫೋನು ಯಾಕ ಮಾಡಿದ್ರು ಅಂತ ಈಗ ತಿಳೀತು. ಸಾಲಿ ಚಾರ್ಜು ನನಗ ಕೊಡಲ್ಲಂತ," ಎಂದಳು.

ಒಗೆದ ತಾಟಿಗಿಂತ ಆ ಸಣ್ಣ ದನಿ ಗುರುಶಾಂತನಿಗೆ ಜೋರಾಗಿ ತಾಗಿತು. ಹೆಡ್‌ಮಿಸ್ ಆಗಬೇಕೆಂದು ಅವಳು ಎಂದೂ ಬಾಯಿಬಿಟ್ಟು ಹೇಳಿರಲಿಲ್ಲ. ಆದರೆ ಹೊಸ ಸೀರೆಯೊಂದನ್ನು ಇಸ್ತ್ರಿ ಮಾಡಿಸಿ ಇಟ್ಟಿದ್ದು ಅವನಿಗೆ ಗೊತ್ತಿತ್ತು. ಅವನು ಎದ್ದು ನಿಂತ.

"ಆಕಿ ನನ್ನ ಒಂದಿನಾನೂ ಹೊಡದಿಲ್ಲ್ರಿ! ನಾ ಗೋದಾಮಿನ್ಯಾಗ ರೊಟ್ಟಿ ಬಡಿಯೋದು ಕಲ್ಯಾಕತ್ತಿದ್ದೆ. ಅದು ಪಿಕ್ಚರ್‌ದ ಡೈಲಾಗು. ಗೌಡ್ತಿ ಅಂದ್ರ ಪಿಕ್ಚರ್‌ದ ಗೌಡ್ತಿ!"

ಶರಫುದ್ದೀನ ಕರುಣೆಯಿಂದ ತಲೆಯಾಡಿಸಿದ. "ಎಲ್ರೂ ಹಿಂಗೇ ಅಂತಾರ ಅಣ್ಣಾರ. ಹೊಡಿಸಿಕೊಂಡವರು ಯಾವತ್ತೂ ಒಪ್ಪಂಗಿಲ್ಲ. ಮೇಡಂ ಎದುರಿಗಿದ್ರ ಅವರು ಹ್ಯಾಂಗ ಬಾಯಿ ಬಿಡ್ತಾರ? ಮೇಡಂ, ನೀವು ಜರಾ ಹೊರಗ ನಿಂದ್ರಿ."

"ಕುದರಿ ಅಂದಿದ್ದೆಲ್ಲೋ!" ದಿಲೀಪ ಗೋಡೆಯಾಚೆಯಿಂದ ಕೂಗಿದ.

"ಕುದರಿ ಇಲ್ಲ," ಗುರುಶಾಂತ ತಲೆ ತಗ್ಗಿಸಿದ. "ಕೊಡ ಅದ. ನಾನೇ ಹೊರಬೇಕು."

ಯಾರೂ ನಂಬಲಿಲ್ಲ. ತನ್ನ ಗೌಡಿಕೆಯನ್ನು ತಾನೇ ಬೀದಿಯಲ್ಲಿ ಸುರಿದರೂ ಯಾರೂ ನಂಬದ ಸ್ಥಿತಿ ಯಾವ ಗಂಡಸಿಗೂ ಬರಬಾರದು. ಅವನು ಎದುರುಮನೆಗೆ ಓಡಿ ಪ್ರಾಚಿಯನ್ನು ಕೈ ಹಿಡಿದು ಕರೆತಂದ. ಅವಳು ಎಲ್ಲವನ್ನೂ ಹೇಳಿದಳು. ಅಂದೇ ರೊಟ್ಟಿಯ ದೃಶ್ಯದ ಶೂಟಿಂಗ್ ಇತ್ತು. ಆದರೆ ಗೌಡ್ತಿಯಾಗಬೇಕಿದ್ದ ಕಲಬುರಗಿಯ ಗೆಳತಿ ಬರುತ್ತಿಲ್ಲ. ಹೀರೋನ ಮನೆಗೆ ಪೊಲೀಸರು ಬರುತ್ತಾರಂತೆ ಎಂಬ ಸುದ್ದಿ ಅಲ್ಲಿಗೂ ಮುಟ್ಟಿ ಅವಳಪ್ಪ ತಡೆದಿದ್ದರು.

"ನಾ ಕಣ್ಣಿಲೆ ನೋಡ್ಬೇಕು. ನೋಡ್ದ ನಂಬಂಗಿಲ್ಲ," ಎಂದ ಶರಫುದ್ದೀನ.

"ಗೌಡ್ತಿ ನಾ ಆಗ್ತೇನಿ," ಎಂದಳು ಭಾಗ್ಯಜ್ಯೋತಿ.

"ಕಾಕು, ಡೈಲಾಗು ಭಾಳ ಅದಾವ್ರಿ…"

"ಡೈಲಾಗು ನನಗ ಬಾಯಿಪಾಠ ಅದ. ಮದುವಿ ಆದಾಗಿಂದ ಕೇಳಾಕತ್ತೇನಿ."

ಅಂಗಳದಲ್ಲಿ ಒಲೆ, ಹಂಚು, ಪರಾತ ಬಂದವು. ಗುರುಶಾಂತ ಟವೆಲ್ಲು ಎಳೆದುಕೊಂಡು ಕೂತ. ಹೊಸದಾಗಿ ಪಲ್ಯ ಮಾಡಲು ಹೊತ್ತಿಲ್ಲದ್ದರಿಂದ ಬೆಳಗ್ಗೆ ಭಾಗ್ಯಜ್ಯೋತಿಯೇ ಮಾಡಿದ್ದ ಪುಂಡಿಪಲ್ಯವನ್ನು ತಂದಿಟ್ಟರು. ಅವಳು ಗಂಡನ ಕನ್ನಡಕ ಹಾಕಿಕೊಂಡು, ಕುರ್ಚಿಯಲ್ಲಿ ಕಾಲು ಮೇಲೆ ಕಾಲು ಹಾಕಿ ಪೇಪರು ಬಿಡಿಸಿದಳು. ಪ್ರಾಚಿ "ಆ್ಯಕ್ಷನ್" ಎಂದಳು.

"ಏ, ನೀರು," ಎಂದಳು ಗೌಡ್ತಿ ಪೇಪರಿನಿಂದ ತಲೆಯೆತ್ತದೆ.

ಗೌಡ ನೀರು ತಂದ.

"ನನ್ನ ಚಾಳೀಸ ಎಲ್ಲದ? ಈ ಮನ್ಯಾಗ ಒಂದು ಸಾಮಾನೂ ಇಟ್ಟಲ್ಲಿ ಇರಲ್ಲ."

"ನಿಮ್ಮ ಮೂಗಿನ ಮ್ಯಾಲೇ ಅದ್ರಿ."

"ಅದನ್ನ ಮೊದಲೇ ಹೇಳಾಕ ಏನಾಗಿತ್ತು? ನಿಂದೇನಪ, ಅಂಗಡಿಗಿ ಹೋಗ್ತಿ, ಗಾದಿ ಮ್ಯಾಲ ಕುಂದ್ರತಿ, ಬರ್ತಿ. ದಣಿಯಾಕಿ ನಾನು."

ಗೋಡೆಯಾಚೆ ನಗು ಸಿಡಿಯಿತು. ಟವೆಲ್ಲಿನೊಳಗೆ ಗುರುಶಾಂತನೂ ನಕ್ಕ. ಧ್ವನಿ ಅಷ್ಟು ತದ್ರೂಪವಾಗಿತ್ತು. ಆಮೇಲೆ 'ಸಾಲಿಗಿ ಹೋಗ್ತಿ, ಕುರ್ಚಿ ಮ್ಯಾಲ ಕುಂದ್ರತಿ' ಎಂದು ಹೇಳುತ್ತಿದ್ದ ಆ ಧ್ವನಿ ಯಾರದೆಂದು ನೆನಪಾಗಿ ನಗು ನಿಂತಿತು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ದಿಲೀಪ. ಪಕ್ಕದಲ್ಲಿದ್ದ ಅವನ ಹೆಂಡತಿ, "ನೀವ್ಯಾಕ ನಗ್ತೀರಿ? ನಿನ್ನಿ ಸಂಜಿಗಿ ನೀವೂ ಇದನ್ನೇ ಅಂದ್ರಿ," ಎಂದಾಗ ಅವನ ಬಾಯಿ ತೆರೆದಲ್ಲಿಯೇ ಉಳಿಯಿತು.

ಗೌಡ ಬಡಿದ ರೊಟ್ಟಿ ತಾಟಿಗೆ ಬಂತು. ಅದಕ್ಕೆ ಯಾವ ದಿಕ್ಕಿನಿಂದ ನೋಡಿದರೂ ಬೇರೆ ಬೇರೆ ಆಕಾರವಿತ್ತು. ಗೌಡ್ತಿ ಒಂದು ತುತ್ತು ಪಲ್ಯ ಬಾಯಿಗಿಟ್ಟು ಮುಖ ಕಿವಿಚಿದಳು. "ಇದು ಪಲ್ಯೇನು? ನಮ್ಮಪ್ಪನ ಕೈ ಅಡಗಿ ಉಂಡ ಬಾಯಿ ಇದು!"

ಅಲ್ಲಿಯ ತನಕ ಮುಖ ಗಂಟುಹಾಕಿಕೊಂಡಿದ್ದ ಗಂಗಾಬಾಯಿಗೂ ತಡೆಯಲಾಗಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. "ಥೇಟ್ ಗುರುನ ಅಪ್ಪಂದೇ ಮಾತು ನೋಡ್ರಿ! ಹಿಂಗೇ ಅಂತಿದ್ರು. ಅಂದು ತಾಟು ಒಗೀತಿದ್ರು." ನಗುತ್ತಲೇ ಮುಂದುವರಿಸಿದಳು. "ಗ್ವಾಡಿಗಿ ಹತ್ತಿದ ಸಾರು ನಾನೇ ತೊಳೀತಿದ್ದೆ. ಆಮ್ಯಾಲ ಉಣ್ಣಾಕ ಏನೂ ಉಳೀತಿದ್ದಿಲ್ಲ."

ಈ ಸಲ ಯಾರೂ ನಗಲಿಲ್ಲ. ಗುರುಶಾಂತ ಟವೆಲ್ಲು ಸರಿಸಿ ತಾಯಿಯನ್ನು ನೋಡಿದ. ಇದನ್ನು ಆಕೆ ಅವನಿಗೆ ಎಂದೂ ಹೇಳಿರಲಿಲ್ಲ.

ಗೌಡ್ತಿ ಈಗ ತಾಟು ಒಗೆಯಬೇಕು. ಭಾಗ್ಯಜ್ಯೋತಿ ತಾಟು ಎತ್ತಿದಳು. ಒಗೆಯಲು ಕೈ ಬರಲಿಲ್ಲ. ಆ ವಕ್ರ ರೊಟ್ಟಿಯನ್ನು ನೋಡಿ ಮತ್ತೆ ಕೆಳಗಿಟ್ಟು, ದನಿ ಮಾತ್ರ ಏರಿಸಿ, "ಉಪ್ಪೆಲ್ಲದ ಇದರಾಗ?" ಎಂದಳು.

ಗೌಡ ಈಗ ಮೂಲೆಗೆ ಹೋಗಿ ಅಳಬೇಕು. ಆದರೆ ಗೌಡನಿಗೆ ಸಂಭಾಷಣೆ ಮರೆತುಹೋಗಿತ್ತು. ಬೆನ್ನು ನೋಯುತ್ತಿತ್ತು, ಬೆರಳು ಸುಟ್ಟಿತ್ತು, ಹೊಗೆ ಕಣ್ಣಿಗೆ ಹೊಕ್ಕಿತ್ತು.

"ಮುಂಜಾನಿಂದ ಹಿಟ್ಟಿನ ಜೋಡಿ ಗುದ್ದಾಡೇನಿ!" ಎಂದು ಗುರುಶಾಂತ ಟವೆಲ್ಲು ಕಿತ್ತೊಗೆದು ಕೂಗಿದ. "ಪಲ್ಯಕ್ಕೇನಾಗ್ಯಾದ? ಬಂಗಾರದಂಥಾ ಪಲ್ಯ ಅದ! ಉಪ್ಪು ಬೇಕಾದ್ರ ಎದ್ದು ಹೋಗಿ ಹಾಕ್ಕೋ, ಕಾಲಿಲ್ಲೇನು ನಿನಗ?"

ಗೋಡೆಯುದ್ದಕ್ಕೂ ನಿಂತಿದ್ದ ಹೆಂಗಸರು ಒಟ್ಟಿಗೆ ಚಪ್ಪಾಳೆ ಹೊಡೆದರು.

"ಕಟ್!" ಎಂದಳು ಪ್ರಾಚಿ. "ಕಾಕಾ, ಇಲ್ಲಿ ನೀವು ಅಳಬೇಕಿತ್ತು."

"ಅಳೋದು ಬ್ಯಾಡ ಬೇ," ಎಂದಳು ಗಂಗಾಬಾಯಿ. "ಹಂಗೇ ಇರ್ಲಿ."

ಶರಫುದ್ದೀನ ಕಣ್ಣೊರೆಸಿಕೊಂಡು, ಹೊಡೆತವಾಗಲಿ ಬಡಿತವಾಗಲಿ ಇಲ್ಲ, ಬಡಿದದ್ದು ರೊಟ್ಟಿಯನ್ನು ಮಾತ್ರ ಎಂದು ತೀರ್ಪು ಕೊಟ್ಟ. ಗುರುಶಾಂತ ಅಲ್ಲಿಯೇ, ಎಲ್ಲರೂ ಕೇಳುವಂತೆ, ಹಿಟ್ಟಿನ ಕೈಯಲ್ಲಿಯೇ ಅಧಿಕಾರಿಗೆ ಫೋನು ಹಚ್ಚಿದ. ಕುದುರೆಯಿಂದ ಶಟರಿನವರೆಗೆ ಒಂದನ್ನೂ ಬಿಡದೆ ಹೇಳಿದ. ಕಿವಿ ಹಿಂಡಿಸಿಕೊಂಡವರು ಮಕ್ಕಳೇ ಹೊರತು ತಾನಲ್ಲ ಎಂಬುದನ್ನು ಎರಡು ಸಲ ವಿವರಿಸಬೇಕಾಯಿತು. ಆ ಕಡೆಯಿಂದ ಬಹಳ ಹೊತ್ತು ನಗು ಕೇಳಿಸಿತು.

"ಬುಧವಾರ ಟೀಚರ್‌ಗೆ ಬಂದು ಚಾರ್ಜು ತಗೋ ಅನ್ರಿ. ಅದಿರ್ಲಿ, ರೊಟ್ಟಿ ಬಂತೇನ್ರಿ?"

"ಇನ್ನಾ ಬಂದಿಲ್ಲ್ರಿ ಸಾಹೇಬ್ರ."

ಜನ ಚದುರಿದರು. ಪ್ಯಾರಿಬಿ ಗೇಟಿನ ಹತ್ತಿರ ನಿಂತಿದ್ದಳು. ಗುರುಶಾಂತ ಹೋಗಿ ಎದುರು ನಿಂತ.

"ಅಕ್ಕಾ, ನನ್ನ ಸಲುವಾಗಿ ಸುಮ್ನ ಮರುಗಿದಿ."

"ಸುಮ್ನ ಅಲ್ಲ ಭಾಯಿ," ಪ್ಯಾರಿಬಿ ನಕ್ಕಳು. "ಹಣಿ ಮ್ಯಾಲ ಒಂದು ಬಾವು ಬಂದ್ರ ಇಷ್ಟು ಮಂದಿ ಓಡಿ ಬರ್ತಾರಂತ ನನಗ ಗೊತ್ತೇ ಇದ್ದಿಲ್ಲ. ಪೊಲೀಸ್ ಬಂದ್ರು, ಜೀಪು ಬಂತು. ನೋಡಿ ಚಲೋ ಅನಿಸ್ತು."

ಅವಳು ಹೋದ ಮೇಲೂ ಗುರುಶಾಂತ ಆ ಓಣಿಯ ಕಿಟಕಿಗಳನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತಿದ್ದ. ಅವುಗಳಲ್ಲಿ ಒಂದು ಅವನ ಮನೆಯದು.

ಅಷ್ಟರಲ್ಲಿ ಜೀಪಿನ ಡ್ರೈವರ್ ಹಾರ್ನ್ ಹೊಡೆದ. "ಯಾರು ಬರ್ತೀರಿ ಬರ್ರಿ, ನನಗ ಹೊತ್ತಾಗ್ತದ!"

ಭಾಗ್ಯಜ್ಯೋತಿ ಒಳಗಿನಿಂದ ಕೈಚೀಲ ಹಿಡಿದು ಬಂದಳು. "ಬಂದ ಜೀಪು ಖಾಲಿ ಯಾಕ ಹೋಗ್ಬೇಕು? ನಾ ಗೊಬ್ಬೂರಿಗಿ ಹೋಗಿ ಬರ್ತೇನಿ. ಅವ್ವನ ನೋಡಿ ಭಾಳ ದಿನ ಆಯ್ತು. ನಾಳಿ, ನಾಡದು ಸಾಲಿ ಸೂಟಿ ಅದ."

"ಹೋಗಿ ಬಾ," ಎಂದ ಗುರುಶಾಂತ. ಇನ್ನೇನು ಹೇಳುವ ಹಾಗಿತ್ತು?

ಗಂಗಾಬಾಯಿ ಒಂದು ಗಳಿಗೆ ಯೋಚಿಸಿದಳು. ಆಮೇಲೆ ಸೆರಗು ಬಿಗಿದು ಸೊಸೆಯ ಪಕ್ಕದಲ್ಲಿ ಹತ್ತಿ ಕೂತಳು. "ನಾನೂ ಬರ್ತೇನಿ ನಡಿ. ನಮ್ಮಣ್ಣನ ಮನಿ ಅಲ್ಲಿಂದ ಮುಂದೇ ಅದ."

ಡ್ರೈವರ್ ಹಿಂದೆ ತಿರುಗಿ ನೋಡಿದ. "ಮಟಕಿ ಅಂದಿದ್ದೆಲ್ಲ ಯವ್ವಾ? ತವರಿಗಿ ಅಂತ ಹೇಳಿ ಕರಕೊಂಡು ಬಂದಿ."

"ಮಟಕಿ ನನ್ನ ಗಂಡನ ಊರಪ್ಪಾ. ತವರು ಅಂದ್ರ ತವರು. ಹೊಡಿ ಗಾಡಿ."

ಜೀಪು ಧೂಳೆಬ್ಬಿಸಿ ಹೋಯಿತು. ಅಂಗಳದಲ್ಲಿ ಉಳಿದವರು ಇಬ್ಬರೇ: ಗುರುಶಾಂತ, ಮತ್ತು ನ್ಯಾಯ ಮಾಡಲು ಬೆಳಗಿನ ಫಳಾರವನ್ನೂ ಮಾಡದೆ ಬಂದಿದ್ದ ಹಣಮಂತರಾಯರು. ರಾಯರು ಮುಚ್ಚಿದ ಅಡುಗೆಮನೆಯ ಕಡೆ ನೋಡಿದರು, ಹೊಟ್ಟೆಯ ಮೇಲೆ ಕೈಯಾಡಿಸಿಕೊಂಡರು.

"ಊಟಕ್ಕ ಹ್ಯಾಂಗ ಮಾಡೋಣಪ ಗುರು?"

"ಹಿಟ್ಟು ಅದ," ಎಂದ ಗುರುಶಾಂತ. ಬಿದ್ದಿದ್ದ ಟವೆಲ್ಲನ್ನು ಎತ್ತಿ ಜಾಡಿಸಿ ಹೆಗಲ ಮೇಲೆ ಹಾಕಿಕೊಂಡು ಪರಾತದ ಮುಂದೆ ಕೂತ. "ಬಿಸಿನೀರು ಬೇಕಾಗ್ತದ. ಕಾಕಾ, ಒಳಗ ಹೋಗಿ ಜರಾ ನೀರು ಕಾಯಾಕ ಇಡ್ರಿ."

ಹಣಮಂತರಾಯರು ಎದ್ದು ಹೋದರು. ಬಹಳ ಹೊತ್ತು ಒಳಗಿನಿಂದ ಯಾವ ಸದ್ದೂ ಬರಲಿಲ್ಲ. ಆಮೇಲೆ ಅಡುಗೆಮನೆಯ ಬಾಗಿಲಲ್ಲಿ ರುಮಾಲು ಕಾಣಿಸಿತು.

"ಗುರು," ಎಂದರು ರಾಯರು ದನಿ ತಗ್ಗಿಸಿ, ಯಾರಾದರೂ ಕೇಳಿಸಿಕೊಂಡಾರೆಂಬಂತೆ ಬೀದಿಯ ಕಡೆ ನೋಡುತ್ತ, "ಯಾವುದರಾಗ ಇಡೋದಪ?"